ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ದೃಷ್ಟಿಕೋನ ಮತ್ತು ಪ್ಯಾರಾ ಬರವಣಿಗೆಯನ್ನು ಒಟ್ಟಿಗೆ ಕಲಿಸುವ ಬಗೆ

ಕನ್ನಡ ಮಾಧ್ಯಮದ ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬರೆಯಿರಿ ಎಂದರೆ ಬಹುಪಾಲು ಮಕ್ಕಳು ಆ ವಿಷಯದ ಬಗ್ಗೆ ತಮಗೆ ಬರುವ ವಾಕ್ಯಗಳನ್ನೆಲ್ಲ ಒಂದರ ಕೆಳಗೊಂದು ಪೇರಿಸಿ, ಏಳೆಂಟು ಸಾಲು ತುಂಬಿದ ಕೂಡಲೇ ಪೆನ್ನು ಕೆಳಗಿಡುತ್ತಾರೆ. ಒಂದೊಂದೂ ವಾಕ್ಯ ಬಿಡಿಯಾಗಿ ಸರಿಯಿರಬಹುದು. ಆದರೆ ಯಾವುದನ್ನು ತೆಗೆದರೂ, ಯಾವುದನ್ನು ಹಿಂದುಮುಂದು ಮಾಡಿದರೂ ಬರಹಕ್ಕೆ ನಷ್ಟವಾಗದು. ಇದಕ್ಕೆ ಪರಿಹಾರವೆಂದು ಟಾಪಿಕ್ ಸೆಂಟೆನ್ಸ್ (ಪ್ಯಾರಾದ ಮುಖ್ಯ ಮಾತನ್ನು ಹೇಳುವ ವಾಕ್ಯ), ಸಪೋರ್ಟಿಂಗ್ ಸೆಂಟೆನ್ಸ್ (ಅದಕ್ಕೆ ಆಧಾರ ಕೊಡುವ ವಾಕ್ಯ), ಕನ್‌ಕ್ಲೂಡಿಂಗ್ ಸೆಂಟೆನ್ಸ್ (ಮುಗಿಸುವ ವಾಕ್ಯ) ಎಂಬ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದು ವಿವರಿಸುವುದು ನಮ್ಮಲ್ಲಿ ರೂಢಿ. ಮಕ್ಕಳು ಹೆಸರುಗಳನ್ನು ಬಾಯಿಪಾಠ ಮಾಡುತ್ತಾರೆ, ಪ್ಯಾರಾ ಮಾತ್ರ ಮೊದಲಿನಂತೆಯೇ ಉಳಿಯುತ್ತದೆ. ಯಾವ ವಾಕ್ಯ ಬೇಕು, ಯಾವುದು ಬೇಡ ಎಂಬುದನ್ನು ತೀರ್ಮಾನಿಸಬೇಕಾದರೆ ಯಾರು ಹೇಳುತ್ತಿದ್ದಾರೆ ಎಂಬುದು ಮೊದಲು ಗೊತ್ತಿರಬೇಕು. ಆದ್ದರಿಂದ ದೃಷ್ಟಿಕೋನವನ್ನು ಕಥೆಯ ಪಾಠಕ್ಕೂ ಪ್ಯಾರಾ ರಚನೆಯನ್ನು ವ್ಯಾಕರಣದ ಪೀರಿಯಡ್ಡಿಗೂ ಹಂಚಿಹಾಕದೆ, ಎರಡನ್ನೂ ಒಂದೇ ಅಭ್ಯಾಸವಾಗಿ ಕಲಿಸುವುದು ಒಳ್ಳೆಯದು. ಮೂರು ಪೀರಿಯಡ್ಡುಗಳಲ್ಲಿ ಅದನ್ನು ನಡೆಸುವ ಒಂದು ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಬೇಕಾದದ್ದು ಒಂದು ಸಣ್ಣ ಘಟನೆ. ಅದರಲ್ಲಿ ಕನಿಷ್ಠ ನಾಲ್ಕು ಜನ ಬೇರೆ ಬೇರೆ ಜಾಗದಲ್ಲಿ ನಿಂತಿರಬೇಕು, ಯಾರೊಬ್ಬರಿಗೂ ಪೂರ್ತಿ ವಿಷಯ ಗೊತ್ತಿರಬಾರದು, ಹಾಗೂ ಮಕ್ಕಳಿಗೆ ಅದು ದಿನನಿತ್ಯ ಕಂಡ ಸಂಗತಿಯಾಗಿರಬೇಕು. ಹಳ್ಳಿಯ ಶಾಲೆಗೆ ಬಸ್ಸಿನಷ್ಟು ಅನುಕೂಲವಾದ ವಸ್ತು ಇನ್ನೊಂದಿಲ್ಲ. ಬೆಳಗಿನ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬರುತ್ತದೆ. ಊರ ಗೇಟಿನಲ್ಲಿ ನಿಲ್ಲದೆ ಸ್ವಲ್ಪ ಮುಂದಕ್ಕೆ ಹೋಗಿ ನಿಲ್ಲುತ್ತದೆ. ಮಕ್ಕಳು ಬ್ಯಾಗು ಹಿಡಿದು ಓಡುತ್ತಾರೆ, ಇಬ್ಬರು ಹತ್ತುತ್ತಾರೆ, ಉಳಿದವರಿಗೆ ಹತ್ತಲಾಗುವುದಿಲ್ಲ. ಸಂತೆಗೆ ಸೊಪ್ಪಿನ ಬುಟ್ಟಿ ಹೊತ್ತು ಹೊರಟ ಅಜ್ಜಿ ಓಡಲಾರದೆ ಗೇಟಿನಲ್ಲೇ ಉಳಿಯುತ್ತಾಳೆ. ಹೇಳಲು ಆರಿಸಿಕೊಳ್ಳಬೇಕಾದವರು ನಾಲ್ವರು: ಹತ್ತಲಾಗದ ಹುಡುಗಿ, ಕಂಡಕ್ಟರ್, ಅಜ್ಜಿ ಮತ್ತು ಎದುರಿನ ಚಹದಂಗಡಿಯವರು. ಈ ಘಟನೆಯನ್ನು ಕನ್ನಡದಲ್ಲಿಯೇ ಹೇಳಿ. ಇಂಗ್ಲಿಷ್ ತರಗತಿಯಲ್ಲಿ ಕನ್ನಡವೇ ಎಂದು ಹುಬ್ಬೇರಿಸುವವರಿದ್ದಾರೆ. ಆದರೆ ಇಲ್ಲಿ ಕಲಿಯಬೇಕಾದದ್ದು ಯೋಚನೆಯ ಒಂದು ಕ್ರಮ, ಅದನ್ನು ಗೊತ್ತಿರುವ ಭಾಷೆಯಲ್ಲಿ ಕಲಿತ ಮಗು ಇಂಗ್ಲಿಷಿಗೆ ಬರುವಾಗ ಒಂದೇ ಕಷ್ಟವನ್ನು ಎದುರಿಸಿದರೆ ಸಾಕಾಗುತ್ತದೆ.

ಬಳಿಕ ಘಟನೆಯ ವಿವರಗಳನ್ನು ಮಕ್ಕಳಿಂದಲೇ ಹೇಳಿಸಿ ಬೋರ್ಡಿನ ಎಡಬದಿಗೆ ಹನ್ನೆರಡು ಸಾಲು ಬರೆಯಿರಿ. ಬಸ್ಸು ತಡವಾದದ್ದು, ಫುಟ್‌ಬೋರ್ಡಿನ ತನಕ ಜನ ತುಂಬಿದ್ದು, ಮೊದಲ ಪೀರಿಯಡ್ಡಿನಲ್ಲಿ ಹುಡುಗಿಗೆ ಟೆಸ್ಟ್ ಇದ್ದದ್ದು, ಅಜ್ಜಿಯ ಸೊಪ್ಪು ಬಿಸಿಲೇರಿದರೆ ಬಾಡುವುದು, ಹಿಂದಿನ ಸ್ಟಾಪಿನಲ್ಲಿ ಚಿಲ್ಲರೆಗಾಗಿ ಜಗಳವಾದದ್ದು, ಚಹದಂಗಡಿಯ ಮುಂದೆ ದಿನವೂ ಇದೇ ಓಟ ನಡೆಯುವುದು ಎಲ್ಲವೂ ಬರಲಿ. ಕಂಡಕ್ಟರಿಗೆ ಮಾತ್ರ ಗೊತ್ತಿರುವ ಒಂದೆರಡು ಸಂಗತಿಗಳನ್ನು ನೀವೇ ಸೇರಿಸಬೇಕಾಗಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಉಚಿತವಾಗಿ ಪ್ರಯಾಣಿಸುವ ಪ್ರತಿ ಮಹಿಳೆಗೂ ಗುರುತಿನ ಚೀಟಿ ನೋಡಿ ಶೂನ್ಯ ದರದ ಟಿಕೆಟ್ ಕೊಡಬೇಕು, ತುಂಬಿದ ಬಸ್ಸಿನಲ್ಲಿ ಆ ಕೆಲಸ ಮುಗಿಯುವ ಮೊದಲೇ ಮುಂದಿನ ಸ್ಟಾಪ್ ಬಂದುಬಿಡುತ್ತದೆ ಎಂಬುದು ರಸ್ತೆಯ ಮೇಲೆ ನಿಂತು ಬಸ್ಸನ್ನು ಬೈಯುವವರಿಗೆ ಹೊಳೆಯುವುದಿಲ್ಲ. ಇಂಥ ವಿವರವೊಂದು ಬೋರ್ಡಿನ ಮೇಲೆ ಬಂದಾಗಲೇ ದೃಷ್ಟಿಕೋನವೆಂದರೆ ಕೇವಲ ‘ನಾನು’ ಅಥವಾ ‘ಅವನು’ ಎಂಬ ಸರ್ವನಾಮದ ಆಯ್ಕೆಯಲ್ಲ ಎಂಬುದು ಮಕ್ಕಳಿಗೆ ತಟ್ಟುತ್ತದೆ.

ಈಗ ಬೋರ್ಡಿನ ಬಲಬದಿಗೆ ನಾಲ್ಕು ಕಾಲಂ ಎಳೆದು, ಪ್ರತಿ ವಿವರವನ್ನೂ ಯಾರು ಕಂಡರು, ಯಾರು ಕೇಳಿ ಮಾತ್ರ ತಿಳಿದರು, ಯಾರಿಗೆ ಅದು ಗೊತ್ತಾಗುವ ಸಾಧ್ಯತೆಯೇ ಇಲ್ಲ ಎಂದು ಗುರುತು ಹಾಕಿಸಿ. ಇದಕ್ಕೆ ಅರ್ಧ ಪೀರಿಯಡ್ ಹೋದರೂ ಅವಸರಪಡಬೇಡಿ, ಏಕೆಂದರೆ ಮುಂದಿನ ಬರವಣಿಗೆಯೆಲ್ಲ ಈ ಕಾಲಂಗಳ ಮೇಲೆಯೇ ನಿಲ್ಲುತ್ತದೆ. ಹುಡುಗಿಯ ಕಾಲಮಿನಲ್ಲಿ ಚಿಲ್ಲರೆ ಜಗಳ ಇರುವುದಿಲ್ಲ, ಕಂಡಕ್ಟರ್ ಕಾಲಮಿನಲ್ಲಿ ಟೆಸ್ಟ್ ಇರುವುದಿಲ್ಲ. ಇನ್ನೊಂದು ಪ್ರಶ್ನೆ ಬಾಕಿ ಉಳಿಯುತ್ತದೆ: ಗೊತ್ತಿರುವ ವಿವರಗಳಲ್ಲಿ ಅವರಿಗೆ ಮುಖ್ಯವಾದದ್ದು ಯಾವುದು? ಅಜ್ಜಿಗೂ ಮಕ್ಕಳು ಓಡಿದ್ದು ಕಂಡಿದೆ, ಆದರೆ ಆಕೆಯ ಚಿಂತೆ ಸೊಪ್ಪಿನದು. ಹೀಗೆ ಮುಖ್ಯವಾದದ್ದರ ಸುತ್ತ ಮಕ್ಕಳು ಒಂದು ವೃತ್ತ ಎಳೆದರೆ ಟಾಪಿಕ್ ಸೆಂಟೆನ್ಸಿನ ಅರ್ಧ ಕೆಲಸ ಮುಗಿದಂತೆ.

ಎರಡನೆಯ ಪೀರಿಯಡ್ಡಿನಲ್ಲಿ ಆ ವೃತ್ತದೊಳಗಿನ ಮಾತನ್ನು ಇಂಗ್ಲಿಷಿಗೆ ತನ್ನಿ. ಹುಡುಗಿಯ ಮೊದಲ ವಾಕ್ಯ ‘ದಿ ಬಸ್ ಸ್ಟಾಪ್ಡ್, ಬಟ್ ನಾಟ್ ಫಾರ್ ಅಸ್’ ಎಂದಾಗಬಹುದು. ಕಂಡಕ್ಟರದ್ದು ‘ಐ ಹ್ಯಾಡ್ ನೋ ರೂಮ್ ಫಾರ್ ಒನ್ ಮೋರ್ ಪ್ಯಾಸೆಂಜರ್’. ಚಹದಂಗಡಿಯವರದ್ದು ‘ಎವ್ರಿ ಮಾರ್ನಿಂಗ್ ಐ ವಾಚ್ ದಿ ಸೇಮ್ ರೇಸ್’. ಮೂರನ್ನೂ ಬೋರ್ಡಿನ ಮೇಲೆ ಬರೆದು, ಎಡಬದಿಯ ಹನ್ನೆರಡು ವಿವರಗಳಲ್ಲಿ ಯಾವ್ಯಾವುದು ಯಾವ ವಾಕ್ಯದ ಹಿಂದೆ ಬರಲು ಅರ್ಹ ಎಂದು ಕೇಳಿ. ‘ನೋ ರೂಮ್’ ಎಂದು ಶುರುಮಾಡಿದ ಕಂಡಕ್ಟರ್ ಫುಟ್‌ಬೋರ್ಡಿನ ಮಾತು ಹೇಳಲೇಬೇಕು, ಟಿಕೆಟ್ಟಿನ ಮಾತೂ ಬರಬಹುದು, ಸೊಪ್ಪಿನ ಬುಟ್ಟಿಗೆ ಅಲ್ಲಿ ಜಾಗವಿಲ್ಲ. ಬೇಡದ್ದನ್ನು ಮಕ್ಕಳ ಕೈಯಿಂದಲೇ ಹೊಡೆದುಹಾಕಿಸಿ. ವಾಕ್ಯಗಳ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಂಥ ಘಟನೆಯಲ್ಲಿ ಕಾಲಾನುಕ್ರಮವೇ ಸಾಕು, ‘ಫರ್ಸ್ಟ್, ದೆನ್, ಆಫ್ಟರ್ ದಟ್, ಅಟ್ ಲಾಸ್ಟ್’ ಎಂಬ ನಾಲ್ಕು ಕೊಂಡಿಗಳನ್ನು ಕೊಟ್ಟುಬಿಡಿ. ಆರು ವಾಕ್ಯದ ಮಿತಿ ಇಟ್ಟರೆ ಆಯ್ಕೆ ಮಾಡುವುದು ಅನಿವಾರ್ಯವಾಗುತ್ತದೆ.

ಬರೆಯಲು ಕುಳಿತಾಗ ಬರುವ ತೊಡಕುಗಳಲ್ಲಿ ಹೆಚ್ಚಿನವು ಕನ್ನಡದ ಜಾಯಮಾನದಿಂದಲೇ ಬರುವಂಥವು, ಹಾಗಾಗಿ ಅವನ್ನು ಅಜಾಗರೂಕತೆ ಎಂದು ಗದರುವುದು ನ್ಯಾಯವಲ್ಲ. ನಮ್ಮ ಕ್ರಿಯಾಪದ ತನ್ನ ಬಾಲದಲ್ಲಿಯೇ ಕರ್ತೃವನ್ನು ಹೊತ್ತಿರುತ್ತದೆ: ಓಡಿದೆ, ಓಡಿದಳು, ಓಡಿದರು ಎಂದರೆ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಇಂಗ್ಲಿಷಿನ ‘ರ‍್ಯಾನ್’ ಮೂವರಿಗೂ ಒಂದೇ. ಆದ್ದರಿಂದ ಮಗು ಸರ್ವನಾಮ ಬಿಟ್ಟು ಬರೆದ ಕೂಡಲೇ ಓದುಗನಿಗೆ ಹೇಳುವವರು ಯಾರೆಂಬುದೇ ತಪ್ಪಿಹೋಗುತ್ತದೆ. ಗೌರವದ ‘ಅವರು’ ಇನ್ನೊಂದು ಬಗೆಯ ಗೊಂದಲ ತರುತ್ತದೆ: ಕಂಡಕ್ಟರ್ ಒಬ್ಬರೇ ಇದ್ದರೂ ಮಗು ಮರ್ಯಾದೆಯಿಂದ ‘ದೇ ಶೌಟೆಡ್’ ಎಂದು ಬರೆಯುತ್ತದೆ, ಓದಿದವರಿಗೆ ಬಸ್ಸಿನವರೆಲ್ಲ ಕೂಗಿದಂತೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಹಿರಿಯರನ್ನು ‘ಹಿ’ ಎಂದರೆ ಅಗೌರವವಲ್ಲ ಎಂದು ಒಮ್ಮೆ ಬಾಯಿಬಿಟ್ಟು ಹೇಳಿದರೆ ಮಕ್ಕಳಿಗೆ ಸಮಾಧಾನವಾಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ತೊಡಕು ‘ಅಂತ’ ಎಂಬುದರದು. ಕಂಡಕ್ಟರ್ ‘ನಾನು ಏನೂ ಮಾಡಕ್ಕಾಗಲ್ಲ ಅಂತ ಅಂದರು’ ಎಂದು ಹುಡುಗಿ ಕನ್ನಡದಲ್ಲಿ ಹೇಳಿದಾಗ, ಆ ‘ನಾನು’ ಕಂಡಕ್ಟರೇ ಎಂಬುದರಲ್ಲಿ ಕೇಳುವವರಿಗೆ ಅನುಮಾನವಿಲ್ಲ, ಏಕೆಂದರೆ ‘ಅಂತ’ ಅವರ ಮಾತನ್ನು ಹಾಗೆಯೇ ಕಟ್ಟಿ ಒಪ್ಪಿಸುತ್ತದೆ. ಅದನ್ನೇ ‘ಹಿ ಸೆಡ್ ದಟ್ ಐ ಕೆನಾಟ್ ಡು ಎನಿಥಿಂಗ್’ ಎಂದು ಬರೆದರೆ ಅಸಹಾಯಕಳು ಹುಡುಗಿಯೇ ಆಗಿಬಿಡುತ್ತಾಳೆ. ಒಂದು ಸಣ್ಣ ‘ಐ’ ಇಡೀ ಪ್ಯಾರಾದ ದೃಷ್ಟಿಕೋನವನ್ನು ತಿರುಗಿಸಿಬಿಡುತ್ತದೆ. ಈ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, ‘ಐ ಅಂದರೆ ಇಲ್ಲಿ ಯಾರು?’ ಎಂದು ಕೇಳಿ, ಉತ್ತರಕ್ಕಾಗಿ ಕಾಯಿರಿ. ರಿಪೋರ್ಟೆಡ್ ಸ್ಪೀಚಿನ, ಅಂದರೆ ಇನ್ನೊಬ್ಬರ ಮಾತನ್ನು ನಮ್ಮ ಮಾತಾಗಿ ತಿರುಗಿಸಿ ಹೇಳುವ, ನಿಯಮಗಳನ್ನು ಆಗಲೇ ಹೇರುವುದು ಬೇಡ. ಉದ್ಧರಣ ಚಿಹ್ನೆ ಹಾಕಿ ಆಡಿದ ಮಾತನ್ನು ಆಡಿದಂತೆಯೇ ಬರೆಯಲು ಬಿಟ್ಟರೆ ಒಂಬತ್ತನೆಯ ತರಗತಿಗೆ ಅಷ್ಟೇ ಸಾಕು, ವ್ಯಾಕರಣದ ಪಾಠ ಬಂದಾಗ ಇದೇ ವಾಕ್ಯವನ್ನು ಮತ್ತೆ ತೆಗೆಯಬಹುದು.

ಇನ್ನೊಬ್ಬರ ಮನಸ್ಸಿನೊಳಗೆ ನುಗ್ಗುವ ಅಭ್ಯಾಸವನ್ನೂ ಇದೇ ಹಂತದಲ್ಲಿ ತಡೆಯಬೇಕು. ಹುಡುಗಿ ‘ದಿ ಕಂಡಕ್ಟರ್ ವಾಸ್ ಟಯರ್ಡ್’ ಎಂದು ಬರೆದರೆ ಅದು ಆಕೆಗೆ ಹೇಗೆ ಗೊತ್ತಾಯಿತು ಎಂದು ಕೇಳಿ. ‘ಲುಕ್ಡ್ ಟಯರ್ಡ್’ ಅಥವಾ ‘ಸೀಮ್ಡ್ ಟಯರ್ಡ್’ ಎಂಬ ಎರಡು ಪದಗಳನ್ನು ಕೊಟ್ಟರೆ ತೊಂದರೆ ನೀಗುತ್ತದೆ. ಚುರುಕಾದ ಮಕ್ಕಳು ಅಲ್ಲಿಗೇ ನಿಲ್ಲದೆ, ಬೆವರು ಒರೆಸಿಕೊಂಡದ್ದನ್ನೋ ದನಿ ಒಡೆದದ್ದನ್ನೋ ಬರೆದು ತೋರಿಸುತ್ತಾರೆ.

ಮೂರನೆಯ ಪೀರಿಯಡ್ ಓದಿ ಪರೀಕ್ಷಿಸುವುದಕ್ಕೆ. ಹೇಳುವವರ ಹೆಸರಾಗಲಿ ಉದ್ಯೋಗವಾಗಲಿ ಬರದಂತೆ ಬರೆದ ಪ್ಯಾರಾವನ್ನು ಪಕ್ಕದವರಿಗೆ ಕೊಡಿಸಿ. ಓದಿದವರು ಹೇಳುವವರು ಯಾರೆಂದು ಗುರುತಿಸಬೇಕು, ಯಾವ ವಾಕ್ಯದಿಂದ ಗೊತ್ತಾಯಿತೋ ಅದರ ಕೆಳಗೆ ಗೆರೆ ಎಳೆಯಬೇಕು, ಯಾರು ಬೇಕಾದರೂ ಹೇಳಬಹುದಾದ ವಾಕ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಟೀಚರ್ ಹೇಳಿದ್ದಕ್ಕಿಂತ ಪಕ್ಕದಲ್ಲಿ ಕುಳಿತವನು ಹಾಕಿದ ಪ್ರಶ್ನಾರ್ಥಕ ಚಿಹ್ನೆ ಹೆಚ್ಚು ನಾಟುತ್ತದೆ. ಐವತ್ತು ಅರವತ್ತು ನೋಟ್‌ಬುಕ್ ತಿದ್ದುವ ಶಿಕ್ಷಕರಿಗೂ ಇದರಿಂದ ಹೊರೆ ಇಳಿಯುತ್ತದೆ. ಈ ಸುತ್ತಿನಲ್ಲಿ ಸ್ಪೆಲಿಂಗ್, ಆರ್ಟಿಕಲ್‌ಗಳನ್ನು ಬಿಟ್ಟು ದೃಷ್ಟಿಕೋನ ಜಾರಿದ ಜಾಗ ಮತ್ತು ಮೊದಲ ವಾಕ್ಯಕ್ಕೆ ಹೊಂದದ ವಾಕ್ಯ, ಇವೆರಡನ್ನು ಮಾತ್ರ ತಿದ್ದಿ. ಎಲ್ಲ ತಪ್ಪಿಗೂ ಕೆಂಪು ಗೆರೆ ಎಳೆದ ಪುಟವನ್ನು ಯಾವ ಮಗುವೂ ಎರಡನೆಯ ಸಲ ಓದುವುದಿಲ್ಲ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ಇದನ್ನು ದಾಖಲಿಸುವವರು ಮೊದಲ ಕರಡು ಮತ್ತು ತಿದ್ದಿದ ಕರಡು ಎರಡನ್ನೂ ಫೈಲಿನಲ್ಲಿಟ್ಟು, ಅಂಕವನ್ನು ಎರಡರ ನಡುವಿನ ಬದಲಾವಣೆಗೆ ಕೊಡುವುದು ಉಚಿತ.

ಹತ್ತನೆಯ ತರಗತಿಯಲ್ಲಿ ಇದಕ್ಕೆಲ್ಲ ಪುರುಸೊತ್ತಿಲ್ಲ ಎಂಬ ಆಕ್ಷೇಪ ಬರುತ್ತದೆ. ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಬರೆಯುವವರ ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯ 80 ಅಂಕಗಳಲ್ಲಿ ಪತ್ರಕ್ಕೂ ಪ್ರಬಂಧಕ್ಕೂ ಪಾಲಿದೆ, ಅಲ್ಲಿ ಬೇಕಾದದ್ದೂ ಇದೇ ಆಯ್ಕೆಯ ಕೌಶಲ. ಅದೇ ಬಸ್ಸಿನ ಘಟನೆಯನ್ನು ಡಿಪೋ ಮ್ಯಾನೇಜರಿಗೆ ಪತ್ರವಾಗಿ ಬರೆಸಿ. ಹೇಳುವವಳು ಹುಡುಗಿಯೇ, ಆದರೆ ಈಗ ಓದುವವರೂ ಒಬ್ಬರು ನಿಗದಿಯಾಗಿದ್ದಾರೆ. ಅವರಿಗೆ ಬೇಕಾದದ್ದು ಮಾರ್ಗ, ದಿನಾಂಕ, ಸಮಯ, ಸ್ಟಾಪಿನ ಹೆಸರು ಮತ್ತು ಎಷ್ಟು ಮಕ್ಕಳು ಉಳಿದರು ಎಂಬ ಲೆಕ್ಕ. ‘ನಾಟ್ ಫಾರ್ ಅಸ್’ ಎಂಬ ಮೊದಲ ವಾಕ್ಯ ಪತ್ರಕ್ಕೆ ಹೊಂದುವುದಿಲ್ಲ. ಅದರ ಬದಲಿಗೆ ಯಾವ ವಾಕ್ಯದಿಂದ ಶುರುಮಾಡಬೇಕೆಂದು ಮಕ್ಕಳನ್ನೇ ಕೇಳಿ, ಬಂದ ಮೂರ್ನಾಲ್ಕು ಉತ್ತರಗಳನ್ನು ಬೋರ್ಡಿನ ಮೇಲೆ ಬರೆದು, ಮ್ಯಾನೇಜರ್ ಯಾವುದನ್ನು ಓದಿದ ಮೇಲೆ ಫೋನ್ ಎತ್ತಿಕೊಳ್ಳುತ್ತಾರೆ ಎಂದು ಚರ್ಚೆಗೆ ಬಿಡಿ.