ಗ್ರಹಣದ ಲೆಕ್ಕ ಯಾರ ಹತ್ತಿರ ಕೇಳಬೇಕು?

ನಾನು ಶಾಸನ ಓದುವವಳು. ನನ್ನ ಖಗೋಳ ವಿಜ್ಞಾನ ಎಸ್ಸೆಸ್ಸೆಲ್ಸಿಗೇ ನಿಂತುಹೋಗಿದೆ. ಆದರೆ ಶಾಸನದಲ್ಲಿ ಗ್ರಹಣ ಬಂದರೆ? ಇಮ್ಮಡಿ ಪುಲಕೇಶಿಯ ಹೈದರಾಬಾದ್ ತಾಮ್ರಶಾಸನವನ್ನೇ ನೋಡಿ. ಶಕ ವರ್ಷ 534 ಕಳೆದಿದೆ, ಆಳ್ವಿಕೆಯ 3ನೇ ವರ್ಷ, ಭಾದ್ರಪದ ಅಮಾವಾಸ್ಯೆ, ಸೂರ್ಯಗ್ರಹಣ. ಆ ದಿನ ಸಿಕ್ಕರೆ ಪುಲಕೇಶಿ ಪಟ್ಟಕ್ಕೆ ಬಂದ ಕಾಲವೂ ಸಿಗುತ್ತದೆ.

ಭೌತಶಾಸ್ತ್ರದ ಮೇಷ್ಟ್ರ ಹತ್ತಿರ ಹೋಗಿ "ಸರ್, ಇದರ ಕಾಲ ಹೇಳ್ತೀರಾ?" ಅಂದೆ. ಅವರು ಸುಮ್ನೆ ನಕ್ಕರು. ಅದು ನನ್ನ ಪ್ರಶ್ನೆ, ಅವರದ್ದಲ್ಲ. ನೀವು ಹೀಗೆ ಮಾಡಬೇಡಿ. ಪ್ರಶ್ನೆಯಿಂದ ನಿಮ್ಮ ಶಾಸ್ತ್ರದ ಮಾತುಗಳನ್ನು ಕಿತ್ತು, ಹೌದು ಇಲ್ಲ ಅನ್ನುವಷ್ಟಕ್ಕೆ ಇಳಿಸಿ. ನಾನು ಶಕ ವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ಮಾಡಿಕೊಂಡು ಮತ್ತೆ ಹೋದೆ. "612ರ ಮಳೆಗಾಲದಲ್ಲಿ ಸೂರ್ಯಗ್ರಹಣ ಇತ್ತಾ?" ಅವರು ನಾಸಾದ ಗ್ರಹಣ ಪಟ್ಟಿ ತೆಗೆದರು. ಎರಡೇ ನಿಮಿಷ. ಆಗಸ್ಟ್ 2.

ಆದರೆ ಇನ್ನೊಂದು ತೊಡಕು. ನಮ್ಮ ಲೆಕ್ಕದಲ್ಲಿ ಆಗಸ್ಟ್ 2 ಶ್ರಾವಣದ ಅಮಾವಾಸ್ಯೆ. ಭಾದ್ರಪದದ್ದು ಬರುವುದು ಇನ್ನೊಂದು ತಿಂಗಳಿಗೆ. ಕೆತ್ತಿದವನ ತಪ್ಪು ಅಂತ ಬರೆದೇಬಿಡುತ್ತಿದ್ದೆ.

ಬಿಡಿಸಿದ್ದು ಯಾವ ಪಂಡಿತರೂ ಅಲ್ಲ, ಹಾಸ್ಟೆಲಿನ ಬಿಹಾರದ ಗೆಳತಿ. ಅಂದು ಬೆನಕನ ಅಮಾವಾಸ್ಯೆ. ನಾನು ಶ್ರಾವಣ ಮುಗೀತು ಅಂದೆ. "ನಮ್ಮಲ್ಲಿ ಇದು ಭಾದೋ ಅಮಾವಾಸ್ಯೆ ಕಣೇ, ಹುಣ್ಣಿಮೆ ಆದ್ಮೇಲೇ ತಿಂಗಳು ಬದಲಾಯ್ತು" ಅಂದಳು. ಕೈಯಲ್ಲಿದ್ದ ಟೀ ಆರಿಹೋಯಿತು. ತಾಮ್ರಶಾಸನದ ತಿಂಗಳೂ ಹುಣ್ಣಿಮೆಗೇ ಮುಗಿಯುವ ಲೆಕ್ಕದ್ದು! ಆಮೇಲೆ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರ 1896ರ 'ದಿ ಇಂಡಿಯನ್ ಕ್ಯಾಲೆಂಡರ್' ತೆರೆದೆ. ತಿಂಗಳು ಅಮಾವಾಸ್ಯೆಗೆ ಮುಗಿಯುವುದು, ಹುಣ್ಣಿಮೆಗೆ ಮುಗಿಯುವುದು, ಎರಡೂ ಪದ್ಧತಿ ಅಲ್ಲೇ ಇತ್ತು. ಆದರೆ ಏನು ಹುಡುಕಬೇಕು ಅಂತಲೇ ಗೊತ್ತಿಲ್ಲದಾಗ ಪುಸ್ತಕ ಏನು ಮಾಡೀತು, ಅಲ್ವಾ? ಅದಕ್ಕೇ ನಿಮ್ಮ ತೊಡಕನ್ನು ಊಟದ ಹೊತ್ತಿನಲ್ಲೂ ಹೇಳಿಕೊಳ್ಳಿ, ಸಂಬಂಧವೇ ಇಲ್ಲದವರ ಹತ್ತಿರವೂ.

ಉತ್ತರ ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಇದರಲ್ಲಿ ನೀವು ಯಾವುದನ್ನು ನಂಬಲ್ಲ?" ಭೂಮಿ ತಿರುಗುವ ವೇಗ ಸ್ವಲ್ಪ ಸ್ವಲ್ಪವೇ ಇಳಿಯುತ್ತಾ ಬಂದಿದೆಯಂತೆ. ಹಾಗಾಗಿ ಹಳೆಯ ಗ್ರಹಣ ಯಾವ ದಿನ ಅನ್ನುವುದು ಗಟ್ಟಿ, ಯಾವ ಊರಿಗೆ ಎಷ್ಟು ಕಂಡಿತು ಅನ್ನುವುದು ಅಷ್ಟು ಗಟ್ಟಿಯಲ್ಲ ಎಂದರು ಮೇಷ್ಟ್ರು.

ಅವರಿಂದ ಪಡೆದದ್ದನ್ನು ಬರೆದ ಪುಟವನ್ನು ಅವರಿಗೇ ತೋರಿಸಿ. ನಾನು "ಗ್ರಹಣ ನೋಡಿ ದಾನ ಕೊಟ್ಟ" ಅಂತ ಬರೆದಿದ್ದೆ. ಮೇಷ್ಟ್ರು 'ನೋಡಿ'ಯ ಕೆಳಗೆ ಗೆರೆ ಎಳೆದರು. "ಪಂಚಾಂಗದಲ್ಲಿ ಓದಿ ಕೊಟ್ಟಿದ್ರೆ?"

ಆ ಪದ ಹೊಡೆದುಹಾಕಿದೆ.