ಜವಾರಿ ಕೋಳಿಯ ಕರುಳು, ಎರಡು ತಟ್ಟೆಯ ಲೆಕ್ಕ

"ಔಷಧದ ಮುಖಾನ ನೋಡದ ಜವಾರಿ ಕೋಳಿಯೊಳಗ ಏನ್ ಹುಡುಕ್ತೀರಿ?" ಎಂದವರೇ ಹೆಚ್ಚು. ಹುಡುಕುವುದು ಔಷಧಕ್ಕೆ, ಅಂದರೆ ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ. ಸಾದಾ ಮ್ಯಾಕಾಂಕಿ (ಕರುಳಿನ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್) ತಟ್ಟೆಯಿಂದ ನಾಲ್ಕು ಗುಲಾಬಿ ಕಾಲೊನಿ ಎತ್ತಿ ಔಷಧ ಹೀರಿದ ಕಾಗದದ ಡಿಸ್ಕ್ ಇಟ್ಟರೆ ಅವರ ಮಾತೇ ಖರೆ ಅನಿಸುತ್ತದೆ, ಎಲ್ಲವೂ ಸೆನ್ಸಿಟಿವ್, ಔಷಧಕ್ಕೆ ಬಗ್ಗುವಂಥವೇ. ಸಾವಿರಕ್ಕೊಂದು ಇರುವುದು ನಾಲ್ಕು ಎತ್ತಿದವರಿಗೆ ಎಲ್ಲಿ ಸಿಗಬೇಕು? ಔಷಧ ಬೆರೆಸಿದ ಎರಡನೇ ತಟ್ಟೆ ಜೊತೆಗಿಟ್ಟ ಮೇಲೆ ಧಾರವಾಡ, ಹಾವೇರಿ ಕಡೆಯ ಹಿತ್ತಲ ಕೋಳಿಗಳಲ್ಲೂ ಸೆಫೊಟ್ಯಾಕ್ಸಿಮ್ ಎಂಬ ಆ್ಯಂಟಿಬಯೋಟಿಕ್‌ಗೆ ಬಗ್ಗದ ಇ. ಕೋಲಿ (ಕರುಳಿನಲ್ಲಿರುವ ಬ್ಯಾಕ್ಟೀರಿಯಾ) ಸಿಕ್ಕವು.

ಸ್ವ್ಯಾಬ್ (ಒರೆಸಿ ತೆಗೆಯುವ ಹತ್ತಿ ಕಡ್ಡಿ) ಬಿಡಿ, ತೂಕ ಗೊತ್ತಾಗದೆ ಲೆಕ್ಕ ಬರುವುದಿಲ್ಲ. ಕೋಳಿ ಕೊಯ್ದಾಗ ಸೀಕಮ್‌ನ (ಕರುಳಿನ ಕುರುಡು ಚೀಲ) ಬಾಯಿಗೆ ದಾರ ಕಟ್ಟಿ ಕತ್ತರಿಸಿ, ಐಸ್ ಡಬ್ಬಿಗೆ ಹಾಕಬೇಕು. ಅಂಗಡಿಯಲ್ಲಿ ಬ್ರಾಯ್ಲರ್ ಜೊತೆ ಒಂದೇ ಪಂಜರದಲ್ಲಿದ್ದ ಕೋಳಿ ಬೇಡ. ಅದು ಪಕ್ಕದ್ದರ ಹಿಕ್ಕೆಯನ್ನೂ ಕುಕ್ಕಿರುತ್ತದೆ. ಗಿರಿರಾಜ ಬೆರಕೆಯನ್ನು ಜವಾರಿ ಎಂದು ದಾಟಿಸುವವರೂ ಇದ್ದಾರೆ, ಕೋಳಿಯ ಕಾಲನ್ನೂ ತೂಕವನ್ನೂ ನೋಡಿ ತಗೊಳ್ಳಿ.

ಸೀಕಮ್‌ನ 1 ಗ್ರಾಂ ಒಳತಿರುಳು, 9 ಎಂಎಲ್ ಸಲೈನ್. ಅಲ್ಲಿಂದ ಹತ್ತು-ಹತ್ತು ಪಟ್ಟು ತೆಳು ಮಾಡುತ್ತ ಹೋಗಿ, ಲಕ್ಷ ಪಟ್ಟು ತೆಳುವಾದದ್ದರಲ್ಲಿ 0.1 ಎಂಎಲ್ ಸಾದಾ ತಟ್ಟೆಗೆ, ನೂರು ಪಟ್ಟಿನದರಲ್ಲಿ ಅಷ್ಟೇ ಔಷಧದ ತಟ್ಟೆಗೆ. ಸಾದಾದಲ್ಲಿ 60 ಎದ್ದರೆ ಗ್ರಾಮಿಗೆ 6 ಕೋಟಿ; ಔಷಧದ್ದರಲ್ಲಿ 40 ಎದ್ದರೆ 40 ಸಾವಿರ. ಅಂದರೆ ಒಂದೂವರೆ ಸಾವಿರಕ್ಕೊಂದು.

ಔಷಧಕ್ಕೆ ದುಬಾರಿ ಸ್ಟ್ಯಾಂಡರ್ಡ್ ಪುಡಿ ಕೊಂಡಿಲ್ಲ. ಮೆಡಿಕಲ್ ಅಂಗಡಿಯ 250 ಮಿಲಿಗ್ರಾಂ ಸೆಫೊಟ್ಯಾಕ್ಸಿಮ್ ವಯಲ್ ಇಪ್ಪತ್ತು-ಮೂವತ್ತು ರೂಪಾಯಿ ಇರಬೇಕು. 25 ಎಂಎಲ್ ಸ್ಟೆರೈಲ್ ನೀರಿನಲ್ಲಿ ಕರಗಿಸಿ, ಅದನ್ನು ಮತ್ತೆ ಹತ್ತು ಪಟ್ಟು ತೆಳು ಮಾಡಿ, ಲೀಟರ್ ಅಗಾರಿಗೆ 1 ಎಂಎಲ್. ಲೀಟರಿಗೆ 1 ಮಿಲಿಗ್ರಾಂ ಆಯಿತು. ಅಗಾರ್ 50 ಡಿಗ್ರಿಗಿಂತ ಬಿಸಿ ಇದ್ದಾಗ ಹಾಕಿದರೆ ಔಷಧದ ಬಲ ಕುಂದಿ, ತಟ್ಟೆ ತುಂಬ ಗುಲಾಬಿ ಹುಲ್ಲುಗಾವಲು ಆಗಬಹುದು. ಹಳೆಯದಾದ ತಟ್ಟೆಯದೂ ಅದೇ ಕಥೆ. ಹಾಗಾಗಿ ಪ್ರತಿ ಸಲ ಎಟಿಸಿಸಿ 25922 (ಔಷಧಕ್ಕೆ ಬಗ್ಗುವ, ಪರೀಕ್ಷೆಗೆಂದೇ ಇರುವ ಇ. ಕೋಲಿ ತಳಿ) ಗೀಚಲೇಬೇಕು. ಔಷಧದ ತಟ್ಟೆಯಲ್ಲಿ ಅದು ಎದ್ದರೆ ಆ ಸಲದ್ದೆಲ್ಲ ಬೇಯಿಸಿ ಬಿಸಾಡಲು ಕುಕ್ಕರಿಗೆ. ಹೆಚ್ಚು ದುಡ್ಡು ತಿನ್ನುವುದು ಮ್ಯಾಕಾಂಕಿ ಪುಡಿ, ಅರ್ಧ ಕಿಲೋ ಬಾಟಲಿಗೆ ಎರಡು ಸಾವಿರದ ಮೇಲೆ.

ಇನ್ಕ್ಯುಬೇಟರ್? ಮೊಟ್ಟೆ ಮರಿ ಮಾಡುವ ಪೆಟ್ಟಿಗೆಯೇ, 37.5 ಡಿಗ್ರಿ. ನೀರಿನ ತಟ್ಟೆ ತೆಗೆದು, ತಿರುಗಿಸುವ ಮೋಟಾರ್ ಬಂದ್ ಮಾಡಿ, ಪೆಟ್ರಿ ತಟ್ಟೆ ಬೋರಲು ಹಾಕಿದರೆ 18-20 ತಾಸಿಗೆ ಕಾಲೊನಿ ರೆಡಿ. ನಕ್ಕವರು ಈಗ ಪೆಟ್ಟಿಗೆಯ ರೇಟು ಕೇಳುತ್ತಿದ್ದಾರೆ.

ಔಷಧದ ತಟ್ಟೆಯಲ್ಲಿ ಎದ್ದದ್ದೆಲ್ಲ ಇ. ಕೋಲಿ ಅಲ್ಲ. ಬಣ್ಣವಿಲ್ಲದ್ದು ಬಹಳ ಸಲ ಸ್ಯೂಡೊಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ, ಅದಕ್ಕೆ 1 ಮಿಲಿಗ್ರಾಂ ಲೆಕ್ಕಕ್ಕೇ ಇಲ್ಲ. ಗುಲಾಬಿಯಾಗಿ ಲೋಳೆಲೋಳೆ ಇದ್ದರೆ ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಇರಬಹುದು. ಇಎಂಬಿ ಎಂಬ ಇನ್ನೊಂದು ಅಗಾರಿನಲ್ಲಿ ಹಸಿರು ಲೋಹದ ಹೊಳಪು, ದ್ರವದಲ್ಲಿ ಬೆಳೆಸಿ ಕೊವ್ಯಾಕ್ಸ್ (ಇಂಡೋಲ್ ಪರೀಕ್ಷೆಯ ದ್ರಾವಣ) ಹಾಕಿದಾಗ ಕೆಂಪು ಉಂಗುರ, ಎರಡೂ ಬಂದದ್ದನ್ನಷ್ಟೇ ಎಣಿಸಿ. ಆಮೇಲೆ 4 ಮಿಲಿಮೀಟರ್ ದಪ್ಪದ ಮುಲ್ಲರ್-ಹಿಂಟನ್ ಅಗಾರ್ ಮೇಲೆ ಸೆಫೊಟ್ಯಾಕ್ಸಿಮ್ ಡಿಸ್ಕ್ ಒಂದು, ಅದಕ್ಕೆ ಕ್ಲಾವುಲನೇಟ್ (ಔಷಧ ಒಡೆಯುವ ಕಿಣ್ವವನ್ನು ತಡೆಯುವಂಥದ್ದು) ಸೇರಿದ್ದು ಇನ್ನೊಂದು. ಎರಡನೆಯದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಮೊದಲನೆಯದಕ್ಕಿಂತ 5 ಮಿಲಿಮೀಟರ್ ಅಥವಾ ಹೆಚ್ಚು ಅಗಲವಿದ್ದರೆ ಇಎಸ್‌ಬಿಎಲ್, ಅಂದರೆ ಔಷಧ ಒಡೆಯುವ ಆ ಕಿಣ್ವ ಇದೆ.

ನಡುವೆ ಕೊಲಿಸ್ಟಿನ್ ಎಂಬ ಮತ್ತೊಂದು ಆ್ಯಂಟಿಬಯೋಟಿಕ್‌ನ ಡಿಸ್ಕನ್ನೂ ಇಟ್ಟು ನೋಡಿದ್ದಾಯಿತು. 2019ರಲ್ಲಿ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿದ್ದಾರಲ್ಲ, ಕುತೂಹಲ. ದೊಡ್ಡ ಅಣು, ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ, ವಲಯ ನಂಬುವಂತಿಲ್ಲ. ಬ್ರಾತ್‌ನಲ್ಲೇ (ಅಗಾರ್ ಇಲ್ಲದ ದ್ರವದಲ್ಲಿ) ಮಾಡಬೇಕು, ಆ ಖರ್ಚು ಸದ್ಯಕ್ಕೆ ಬೇಡ.

ಕೋಳಿ ಸಾಕಿದವರಿಗೆ "ಔಷಧ ಕೊಟ್ಟೀರೇನ್ರಿ?" ಅಂದರೆ ಇಲ್ಲ ಎನ್ನುತ್ತಾರೆ. "ಕೋಳಿ ತೂಕಡಿಸಿದ್ರ ಏನ್ ಹಾಕ್ತೀರಿ, ಅಕ್ಕಾರ?" ಎಂದು ಕೇಳಿ. ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ಜೋಳದ ಹಿಟ್ಟಿನಲ್ಲಿ ಕಲಸಿದ್ದು ಆಗ ಹೊರಗೆ ಬರುತ್ತದೆ. ಐಸ್ ಕರಗಿದರೂ ಹಾನಗಲ್ ಕಡೆಯಿಂದ ಸ್ಯಾಂಪಲ್ ಕೆಡದಂತೆ ತರುವ ಉಪಾಯವೊಂದಿದೆ, ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.