ಬೈಪಾಸ್ ಆದವರನ್ನು ಮಂಚದಿಂದ ಎಬ್ಬಿಸುವುದು ಹೀಗೆ

ಹೃದಯದ ಬೈಪಾಸ್ ಆಪರೇಷನ್ ಆಗಿ ಮನೆಗೆ ಬಂದವರನ್ನು ಮಾತಾಡಿಸಲು ಹೋದಾಗಲೆಲ್ಲ ನೋಡ್ತೀನಿ, ಮಗ ಅಪ್ಪನ ಎರಡೂ ಕೈ ಹಿಡಿದು ಎಳೆದು ಎಬ್ಬಿಸುತ್ತಾನೆ, ಅಪ್ಪ ಹಲ್ಲು ಕಚ್ಚಿಕೊಂಡು ಏಳುತ್ತಾರೆ. ಹಾಗೆ ಮಾಡಲೇಬೇಡಿ. ಈ ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಎದೆಯ ನಡು ಮೂಳೆಯನ್ನು ಉದ್ದಕ್ಕೆ ಕೊಯ್ದು, ಕೊನೆಗೆ ಸ್ಟೀಲ್ ತಂತಿಯಲ್ಲಿ ಬಿಗಿದಿರುತ್ತಾರೆ. ಮೂಳೆ ಕೂಡಲು 6ರಿಂದ 8 ವಾರವಾದರೂ ಬೇಕು, ಸಕ್ಕರೆ ಕಾಯಿಲೆ ಇದ್ದರೆ ಜಾಸ್ತಿಯೇ ಹಿಡಿಯಬಹುದು. ಕೈ ಎಳೆದರೆ ಆ ಮೂಳೆಯನ್ನೇ ಎರಡು ಕಡೆಗೆ ಜಗ್ಗಿದ ಹಾಗೆ.

ಮೊದಲು ಎತ್ತರದ ಮಂಚ, ಮರದ ಕುರ್ಚಿ, ಕಮೋಡ್ ಹೊಂದಿಸಿಕೊಳ್ಳಿ. ಮೆತ್ತನೆ ಸೋಫಾ ಬೇಡ, ಅದರಲ್ಲಿ ಕೂತವರು ಕೈ ಊರದೆ ಏಳಲಾರರು.

ಈಗ ಎಬ್ಬಿಸುವುದು. ಅಂಗಾತ ಮಲಗಿದವರು ಎರಡೂ ಮಂಡಿ ಮಡಚಲಿ. ಎದೆಗೆ ಒಂದು ದಿಂಬು ಅವುಚಿಕೊಳ್ಳಲಿ. ಹತ್ತಿಯ ಗಟ್ಟಿ ದಿಂಬೇ ಆಗಬೇಕು, ಸ್ಪಂಜಿನದು ಒತ್ತಿದರೆ ಅಪ್ಪಚ್ಚಿಯಾಗುತ್ತದೆ. ಹೆಗಲು, ಸೊಂಟ, ಮಂಡಿ ಒಟ್ಟಿಗೇ ಹೊರಳಬೇಕು, ಮರದ ದಿಮ್ಮಿ ಉರುಳಿದ ಹಾಗೆ. ಮಗ್ಗುಲಾದ ಮೇಲೆ ಕಾಲು ಮಂಚದಿಂದ ಕೆಳಗೆ ಇಳಿಬಿಡಲಿ, ಕಾಲಿನ ಭಾರಕ್ಕೆ ಮೈ ಅರ್ಧ ತಾನೇ ಮೇಲೇಳುತ್ತದೆ. ಆಗ ನೀವು ಬೆನ್ನ ಹಿಂದೆ, ಹೆಗಲ ಮೂಳೆಯ ಕೆಳಗೆ ಅಂಗೈ ಕೊಟ್ಟು ಎತ್ತಿ. ಕಂಕುಳಿಗೆ ಕೈ ಹಾಕಬೇಡಿ. ಕೂತ ಮೇಲೆ ಎರಡು ನಿಮಿಷ ಸುಮ್ನೆ ಕೂರಿಸಿ, ತಕ್ಷಣ ನಿಲ್ಲಿಸಿದರೆ ತಲೆ ಸುತ್ತುತ್ತದೆ. ನಿಲ್ಲುವಾಗ ಅಂಚಿಗೆ ಸರಿದು, ಪಾದ ಒಳಗೆಳೆದುಕೊಂಡು, ಮುಂದಕ್ಕೆ ಬಾಗಿ ತೊಡೆಯ ಬಲದಿಂದಲೇ ಏಳಲಿ.

ಕೆಮ್ಮು ಬಂದರೂ ಅದೇ ದಿಂಬನ್ನು ಒತ್ತಿ ಹಿಡಿಯಬೇಕು. ನೋವಿಗೆ ಹೆದರಿ ಕೆಮ್ಮು ತಡೆದರೆ ಕಫ ಒಳಗೇ ಉಳಿಯುತ್ತದೆ. ಅಂದ ಹಾಗೆ, ಉಸಿರಾಟದ ವ್ಯಾಯಾಮಕ್ಕೆಂದು ಆಸ್ಪತ್ರೆಯವರು ಕೊಡುವ ಮೂರು ಚೆಂಡಿನ ಸ್ಪೈರೋಮೀಟರನ್ನು ಬಹಳ ಜನ ಪೀಪಿಯಂತೆ ಊದುತ್ತಾರೆ. ಊದುವುದಲ್ಲ, ಉಸಿರು ನಿಧಾನವಾಗಿ ಒಳಗೆ ಎಳೆಯುವುದು!

ಎದೆಗೆ ಕಟ್ಟುವ ಬೆಲ್ಟನ್ನು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸಬೇಡಿ. ಸಡಿಲವಾದರೆ ಪ್ರಯೋಜನವಿಲ್ಲ, ಬಿಗಿಯಾದರೆ ಉಸಿರಿಗೇ ತೊಂದರೆ. ಬೇಕಾ ಅಂತ ಸರ್ಜನ್ನರನ್ನೇ ಕೇಳಿ. ಗಾಯಕ್ಕೆ ಅರಿಶಿನ, ಪೌಡರು, ಎಣ್ಣೆ ಯಾವುದೂ ಬೇಡ. ತುಂಬಿದ ಕೊಡ, ಮೊಮ್ಮಗು, ಎರಡನ್ನೂ ಎತ್ತುವಂತಿಲ್ಲ. ಸ್ಕೂಟರಿನ ಹಿಂದಿನ ಸೀಟೂ ಬೇಡ, ನಮ್ಮ ರಸ್ತೆಯ ಹಂಪ್ ಗೊತ್ತಲ್ವಾ?

ಹೊರಳುವಾಗ ಎದೆಮೂಳೆ ಟಕ್ ಅಂದರೆ, ಗಾಯ ಕೆಂಪಾಗಿ ಕೀವು ಬಂದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಮುಂದಿನ ಚೆಕಪ್ ತಾರೀಖಿಗೆ ಕಾಯಬೇಡಿ.